ಕೈ ಸಹಾಯಕರದು, ಸಹಿ ಡಾಕ್ಟರರದು. ಪಗಾರ ಯಾವ ಲೆಕ್ಕಕ್ಕೆ?

ಅಕ್ಕಲಕೋಟ, ಜತ್ತ ತಾಲೂಕುಗಳ ಹಳ್ಳಿ ಮಂದಿಗೆ ಎದೆನೋವು ಬಂತೆಂದರೆ ಮೊದಲು ಸೊಲ್ಲಾಪುರ, ಇಲ್ಲವೆ ಮಿರಜ. ಅಲ್ಲಿಯೂ ಆಗದಿದ್ದರೆ ಪುಣೆ, ಬೆಂಗಳೂರು. ದೊಡ್ಡ ಊರಿನ ದವಾಖಾನೆಯಲ್ಲಿ ಹಾಸಿಗೆ ಹತ್ತಿರ ಬಂದು "ಯಾವಾಗಿಂದ ನೋವು ಐತ್ರಿ ಅಜ್ಜಾರ? ಸಕ್ಕರಿ ಕಾಯಿಲೆ ಐತೇನ್ರಿ?" ಎಂದು ಕೇಳಿ ಬರೆದುಕೊಳ್ಳುವ ಬಿಳಿ ಕೋಟಿನವರನ್ನು ನಮ್ಮ ಮಂದಿ "ಡಾಕ್ಟರ್ರ" ಅಂತಲೇ ಕರೆಯುತ್ತಾರೆ. ಎಷ್ಟೋ ಸಲ ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅವರು ಫಿಜಿಷಿಯನ್ ಅಸಿಸ್ಟೆಂಟ್, ಅಂದರೆ ವೈದ್ಯರ ಸಹಾಯಕರು.

ರೋಗಿಯ ಪೂರ್ವ ವೃತ್ತಾಂತ ಬರೆಯುವುದು, ಆಪರೇಶನ್‌ಗೆ ಮೊದಲಿನ ತಪಾಸಣೆ ಜೋಡಿಸುವುದು, ಐಸಿಯುದಲ್ಲಿ ರಾತ್ರಿಯಿಡೀ ಕಾಯುವುದು, ಡಿಸ್ಚಾರ್ಜ್ ಕಾಗದ ಸಿದ್ಧ ಮಾಡುವುದು ಇವರ ಕೆಲಸ. ಹೃದಯದ ಬೈಪಾಸ್ ಆಪರೇಶನ್‌ನಲ್ಲಿ ರೋಗಿಯ ಕಾಲಿನಿಂದ ರಕ್ತನಾಳ ತೆಗೆದುಕೊಡುವ ನಾಜೂಕಿನ ಕೆಲಸವನ್ನೂ ಹಲವೆಡೆ ಇವರೇ ಮಾಡುತ್ತಾರೆ. ಗಡಿ ಭಾಗದ ರೋಗಿಗೆ ಇನ್ನೊಂದು ಉಪಕಾರವೂ ಇವರಿಂದ ಆಗುತ್ತದೆ. ಡಾಕ್ಟರ್ ಸಾಹೇಬರು ಮರಾಠಿಯಲ್ಲಿ ಹೇಳಿದ್ದು ಕನ್ನಡ ಮಾತ್ರ ಬಲ್ಲ ಅಜ್ಜಿಗೆ ತಿಳಿಯುವುದು ಎರಡೂ ಭಾಷೆ ಬಲ್ಲ ಇಂಥ ಹುಡುಗ-ಹುಡುಗಿಯರಿಂದಲೇ.

ಇಷ್ಟೆಲ್ಲ ಮಾಡಿದರೂ ತಿಂಗಳ ಕೊನೆಗೆ ಪಗಾರದ ಪ್ರಶ್ನೆ ಬಂದಾಗ ಇವರ ಬಾಯಿ ಕಟ್ಟುತ್ತದೆ. ದವಾಖಾನೆಯವರು ಕೊಟ್ಟಿದ್ದೇ ಪಗಾರ. ಒಂದು ಕಡೆ ನರ್ಸಿನ ಸಾಲಿನಲ್ಲಿ ಕೂಡ್ರಿಸುತ್ತಾರೆ, ಇನ್ನೊಂದು ಕಡೆ ಟೆಕ್ನಿಷಿಯನ್ ಸಾಲಿನಲ್ಲಿ. ಇದಕ್ಕೆ ಮಾಲೀಕರ ಜಿಪುಣತನವೊಂದೇ ಕಾರಣ ಎಂದುಕೊಂಡರೆ ತಪ್ಪಾದೀತು. ಅಸಲಿಗೆ ಇದು ಕಾಯಿದೆಯ ಪ್ರಶ್ನೆ. ಯಾರು ಯಾವ ಕೆಲಸ ಮಾಡಬಹುದು, ಯಾರ ಹೆಸರಲ್ಲಿ ಬಿಲ್ ಏಳುತ್ತದೆ ಎಂಬುದನ್ನು ಕಾಯಿದೆ ಬರೆಯುತ್ತದೆ. ಪಗಾರ ಅದರ ಬೆನ್ನ ಹಿಂದೆ ಬರುತ್ತದೆ.

ಈ ವೃತ್ತಿ ಹುಟ್ಟಿದ ಅಮೆರಿಕದ ಲೆಕ್ಕ ನೋಡಿದರೆ ಇದು ತಿಳಿಯುತ್ತದೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ಶುಶ್ರೂಷೆ ಮಾಡಿ ಬಂದಿದ್ದ ನಾಲ್ವರನ್ನು ಸೇರಿಸಿಕೊಂಡು ಮೊದಲ ತರಗತಿ ಶುರು ಮಾಡಿದರು. ಡಾಕ್ಟರುಗಳ ಕೊರತೆ ಇತ್ತು, ಇವರು ನೆರವಿಗೆ ಬಂದರು. ಆದರೆ ಹಕ್ಕು ಒಮ್ಮೆಲೇ ಸಿಗಲಿಲ್ಲ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾಯಿದೆ. ಔಷಧ ಚೀಟಿ ಬರೆಯುವ ಹಕ್ಕನ್ನು ಕಟ್ಟಕಡೆಗೆ ಕೊಟ್ಟ ಇಂಡಿಯಾನಾ ರಾಜ್ಯ ಅದಕ್ಕೆ 2007ರವರೆಗೆ ಸಮಯ ತೆಗೆದುಕೊಂಡಿತು. 2019ರಲ್ಲಿ ನಾರ್ತ್ ಡಕೋಟಾ, ಇಂಥ ಡಾಕ್ಟರರ ಕೆಳಗೇ ಕೆಲಸ ಎಂಬ ಲಿಖಿತ ಕರಾರಿನ ಕಡ್ಡಾಯವನ್ನು ಬಹುತೇಕ ತೆಗೆದುಹಾಕಿತು.

ಈಗ ಜಮಾ-ಖರ್ಚು ನೋಡೋಣ. ಅಮೆರಿಕದ ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್. ಒಂದು ಸೇವೆಗೆ ಡಾಕ್ಟರಿಗೆ 100 ಡಾಲರ್ ಕೊಡುವ ಕಡೆ, ಅದೇ ಸೇವೆಯನ್ನು ಸಹಾಯಕರು ತಮ್ಮ ಹೆಸರಲ್ಲಿ ಮಾಡಿದರೆ ಅದು 85 ಡಾಲರ್ ಕೊಡುತ್ತದೆ. 1997ರ ಕಾಯಿದೆಯಿಂದ ಬಂದ ಪದ್ಧತಿ ಇದು. ಆದರೆ ಕೆಲವು ಷರತ್ತುಗಳೊಳಗೆ ಅದೇ ಕೆಲಸವನ್ನು ಡಾಕ್ಟರರ ಹೆಸರಲ್ಲಿ ತೋರಿಸಿದರೆ ಪೂರ್ತಿ 100. ಯಾವ ಮಾಲೀಕ 15 ಡಾಲರ್ ಬಿಟ್ಟಾನು? ಹೀಗಾಗಿ ಸಹಾಯಕರ ಎಷ್ಟೋ ದುಡಿಮೆ ಡಾಕ್ಟರರ ಖಾತೆಗೆ ಜಮಾ ಆಗುತ್ತದೆ. ಪಗಾರ ಹೆಚ್ಚು ಮಾಡಿ ಎಂದು ಕೇಳಲು ಹೋದಾಗ "ನಿನ್ನ ಹೆಸರಿನ ಆಮದನಿ ಎಷ್ಟು?" ಎಂದರೆ ತೋರಿಸಲು ಕಾಗದ ಇರುವುದಿಲ್ಲ. 2021 ಮುಗಿಯುವವರೆಗೆ ಮೆಡಿಕೇರ್ ಹಣ ನೇರವಾಗಿ ಸಹಾಯಕರ ಕೈಗೆ ಬರುವಂತೆಯೂ ಇರಲಿಲ್ಲ, ಮಾಲೀಕರಿಗೇ ಹೋಗಬೇಕಿತ್ತು. ಆ ಬಾಗಿಲು ತೆರೆದದ್ದು 2022ರ ಜನವರಿ 1ರಂದು.

ಇಷ್ಟಾದರೂ ಅಲ್ಲಿ ಲೈಸೆನ್ಸ್ ಇದೆ, ಕೆಲಸದ ಮಿತಿ ಬರೆದಿದೆ, ಬಿಲ್ಲಿಗೆ ದರ ಇದೆ. ಅದರ ಫಲವಾಗಿ 2024ರ ಅಲ್ಲಿನ ಸರ್ಕಾರಿ ಅಂಕಿಯಂತೆ ನಡುಮಟ್ಟದ ಸಹಾಯಕರ ವರ್ಷದ ಗಳಿಕೆ ಸುಮಾರು 1.33 ಲಕ್ಷ ಡಾಲರ್.

ಪಗಾರ ಮುಂದೆ ಹೋಗಿ ಕಾಯಿದೆ ಹಿಂದೆ ಉಳಿದರೂ ತೊಂದರೆಯೇ. ಬ್ರಿಟನ್ನಿನಲ್ಲಿ ಹಾಗೇ ಆಯಿತು. ಅಲ್ಲಿ ಹೊಸದಾಗಿ ಸೇರುವ ಸಹಾಯಕರ ಮೂಲ ಪಗಾರ ಆಗಷ್ಟೇ ಕೆಲಸಕ್ಕೆ ಸೇರಿದ ಡಾಕ್ಟರಿಗಿಂತ ಹೆಚ್ಚು. ಆದರೆ ಅವರನ್ನು ವೈದ್ಯಕೀಯ ಪರಿಷತ್ತಿನ ನೋಂದಣಿಗೆ ತಂದದ್ದು 2024ರ ಡಿಸೆಂಬರ್‌ನಲ್ಲಿ. ಕಿರಿಯ ಡಾಕ್ಟರುಗಳು ಸಿಟ್ಟಿಗೆದ್ದರು, ರೋಗಿಗಳು ತಮ್ಮನ್ನು ನೋಡಿದ್ದು ಯಾರು ಎಂದು ಕೇಳಲು ಹತ್ತಿದರು. 2025ರ ಜುಲೈಯಲ್ಲಿ ಬಂದ ವಿಚಾರಣಾ ವರದಿ, ರೋಗನಿರ್ಣಯವೇ ಆಗದ ರೋಗಿಗಳನ್ನು ಸಹಾಯಕರು ಮೊದಲು ನೋಡುವುದಕ್ಕೆ ಮಿತಿ ಇರಲಿ, ಹೆಸರಿನಲ್ಲಿ "ಅಸೋಸಿಯೇಟ್" ಬದಲು "ಅಸಿಸ್ಟೆಂಟ್" ಎಂದೇ ಇರಲಿ ಎಂದು ಶಿಫಾರಸು ಮಾಡಿತು. ರೋಗಿಯ ಜೀವದ ವಿಷಯದಲ್ಲಿ ಡಾಕ್ಟರುಗಳ ಅಂಜಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ಕೆಲಸ ಮೊದಲು ಬಂತು, ಕಾಯಿದೆ ಬರಲು ಮೂವತ್ತು ವರ್ಷ ಹಿಡಿಯಿತು. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರು ಈ ಕೋರ್ಸು ಆರಂಭಿಸಿದರು. ನಂತರ ಕರ್ನಾಟಕದ ಮಣಿಪಾಲ ಸೇರಿ ಹಲವು ಕಡೆ ಪದವಿ ತರಗತಿಗಳು ಬಂದವು. ಹುಡುಗರು ಫೀ ಕಟ್ಟಿ ಓದಿದರು, ಕೆಲಸಕ್ಕೂ ಸೇರಿದರು. ಆದರೆ ಇವರ ಹೆಸರು ಬರೆದುಕೊಳ್ಳಲು ಡಾಕ್ಟರಿಗೆ, ನರ್ಸಿಗೆ ಇರುವಂಥ ರಾಷ್ಟ್ರೀಯ ರಿಜಿಸ್ಟರ್ ಇರಲಿಲ್ಲ.

2021ರಲ್ಲಿ ಸಂಸತ್ತು ಅಲೈಡ್ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿತು. ಅದರ ಪಟ್ಟಿಯಲ್ಲಿ ಫಿಜಿಷಿಯನ್ ಅಸೋಸಿಯೇಟ್ ಎಂಬ ಹೆಸರು ಇದೆ. ಕೇಂದ್ರಕ್ಕೊಂದು ರಿಜಿಸ್ಟರ್, ರಾಜ್ಯಕ್ಕೊಂದು ಪರಿಷತ್ತು ಎಂದು ಬರೆದಿದೆ. ಬರೆದದ್ದು ಜಾರಿಯಾಗಲಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಕೇಂದ್ರ ಮತ್ತು ರಾಜ್ಯಗಳಿಗೆ ಎರಡು ತಿಂಗಳ ಗಡುವು ಕೊಟ್ಟು ತಾಕೀತು ಮಾಡಬೇಕಾಯಿತು. 2025ರಲ್ಲಿ ಈ ವೃತ್ತಿಗೆ ಏಕರೂಪದ ಪಠ್ಯಕ್ರಮ ಹೊರಬಂತು. ಅದು ಒಳ್ಳೆಯದೇ. ಆದರೆ ಪಠ್ಯಕ್ರಮ ಹೇಳುವುದು ಏನು ಕಲಿಯಬೇಕು ಎಂದು. ದವಾಖಾನೆಯಲ್ಲಿ ಏನು ಮಾಡಬಹುದು, ಯಾವುದಕ್ಕೆ ಡಾಕ್ಟರ್ ಎದುರಿಗೇ ಇರಬೇಕು, ಯಾವುದಕ್ಕೆ ಫೋನಿನಲ್ಲಿ ಕೇಳಿದರೆ ಸಾಕು, ತಪ್ಪಾದರೆ ಹೊಣೆ ಯಾರದು ಎಂಬುದನ್ನು ಬೇರೆಯೇ ಬರೆಯಬೇಕು. ನಮ್ಮಲ್ಲಿ ಔಷಧ ಚೀಟಿಯ ಅಧಿಕಾರ ನೋಂದಾಯಿತ ವೈದ್ಯರದು, ಸಹಾಯಕರು ಆ ಸಾಲಿನಲ್ಲಿಲ್ಲ. ಅದು ಹಾಗೇ ಇರಲಿ ಎಂದರೂ, ಉಳಿದ ಕೆಲಸದ ಮಿತಿ ಸ್ಪಷ್ಟ ಆಗಬೇಡವೆ?

ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಛತ್ತೀಸಗಡ ಉದಾಹರಣೆ. 2001ರಲ್ಲಿ ಆ ಸರ್ಕಾರ ಹಳ್ಳಿಗಳಿಗಾಗಿ ಮೂರು ವರ್ಷದ ವೈದ್ಯಕೀಯ ಕೋರ್ಸು ತೆಗೆಯಿತು. ಡಾಕ್ಟರುಗಳ ಸಂಘ ವಿರೋಧಿಸಿತು. ಕೆಲವೇ ವರ್ಷಗಳಲ್ಲಿ ಕೋರ್ಸು ಬಂದಾಯಿತು. ಪಾಸಾದವರನ್ನು "ಗ್ರಾಮೀಣ ವೈದ್ಯಕೀಯ ಸಹಾಯಕ" ಎಂಬ ಹೆಸರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಲಾಯಿತು. ಸಾಮಾನ್ಯ ಕಾಯಿಲೆಗಳ ಚಿಕಿತ್ಸೆಯಲ್ಲಿ ಇವರ ಸಾಮರ್ಥ್ಯ ಎಂ.ಬಿ.ಬಿ.ಎಸ್. ವೈದ್ಯಾಧಿಕಾರಿಗಳಿಗೆ ಸರಿಸಮ ಎಂದು 2010ರ ಅಧ್ಯಯನವೊಂದು ಹೇಳಿತು. ಪಗಾರ ಮಾತ್ರ ಸರಿಸಮ ಆಗಲಿಲ್ಲ. ಕೆಲಸ ದೊಡ್ಡದು, ಕಾಗದದ ಮೇಲಿನ ಹುದ್ದೆ ಸಣ್ಣದು. ಪಗಾರ ನೋಡುವುದು ಕಾಗದವನ್ನು.

ಗಡಿ ಭಾಗಕ್ಕೆ ಇದರಲ್ಲಿ ವಿಶೇಷ ಪೇಚು ಇದೆ. ಜತ್ತಿನ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ ಕರ್ನಾಟಕದಲ್ಲಿ ಪದವಿ ಮುಗಿಸಿ ಮಹಾರಾಷ್ಟ್ರದ ದವಾಖಾನೆಗೆ ಸೇರಬಹುದು. ಅಕ್ಕಲಕೋಟದ ಹುಡುಗ ಮಹಾರಾಷ್ಟ್ರದಲ್ಲಿ ಓದಿ ಕಲಬುರಗಿಗೆ ಹೋಗಬಹುದು. ಅವರ ನೋಂದಣಿ ಎಲ್ಲಿ? ಎರಡೂ ಕಡೆಯ ಕಚೇರಿಗಳು "ಆ ಕಡೆ ಕೇಳ್ರಿ" ಎಂದು ಕೈ ತೋರಿಸಿದರೆ ನಷ್ಟ ಇವರಿಗೇ. ಗಡಿ ಮಂದಿಗೆ ಜಾತಿ ಪ್ರಮಾಣಪತ್ರ, ರಹಿವಾಸಿ ದಾಖಲೆಗಳ ಓಡಾಟವೇ ಸಾಕಾಗಿದೆ. ಇದೂ ಅದೇ ಸಾಲಿಗೆ ಸೇರಬಾರದು.

ಆಗಬೇಕಾದದ್ದು ಮೂರು. ಮುಂಬಯಿ ಮತ್ತು ಬೆಂಗಳೂರಿನಲ್ಲಿ ಕುಳಿತವರು ರಾಜ್ಯ ಪರಿಷತ್ತಿನ ರಿಜಿಸ್ಟರನ್ನು ಈ ವೃತ್ತಿಯ ಪ್ರತಿಯೊಬ್ಬ ಅರ್ಹರಿಗೂ ತಲುಪಿಸಬೇಕು, ಒಂದು ಕಡೆ ಬರೆಸಿದ ಹೆಸರು ಇನ್ನೊಂದು ಕಡೆ ನಡೆಯಬೇಕು. ಆಯೋಗವು ಕೆಲಸದ ಮಿತಿಯನ್ನು ಡಾಕ್ಟರುಗಳನ್ನೂ ಕೂಡ್ರಿಸಿಕೊಂಡು ಸ್ಪಷ್ಟವಾಗಿ ಬರೆಯಬೇಕು. ಸರ್ಕಾರಿ ದವಾಖಾನೆಗಳಲ್ಲಿ ಈ ಹುದ್ದೆ ತೆಗೆದು ಅದಕ್ಕೊಂದು ವೇತನ ಶ್ರೇಣಿ ಇಡಬೇಕು. ಸರ್ಕಾರಿ ಶ್ರೇಣಿ ಇದ್ದರೆ ಖಾಸಗಿಯವರ ಎದುರು ಕೂತು ಮಾತಾಡಲು ಒಂದು ಆಧಾರ ಸಿಗುತ್ತದೆ.

ಅಲ್ಲಿಯವರೆಗೆ ಪಾಲಕರು ಎಚ್ಚರ ಇರಬೇಕು. ಮಕ್ಕಳನ್ನು ಈ ಕೋರ್ಸಿಗೆ ಹಚ್ಚುವ ಮೊದಲು ಕಾಲೇಜಿನವರು ತೋರಿಸುವ ಬಣ್ಣದ ಪುಸ್ತಕ ನೋಡಿ ಫೀ ತುಂಬಬೇಡಿ. ಆಯೋಗದ ಹೊಸ ಪಠ್ಯಕ್ರಮ ಇದೆಯೇ, ಪಾಸಾದ ಮೇಲೆ ಹೆಸರು ಯಾವ ರಿಜಿಸ್ಟರಿನಲ್ಲಿ ಏರುತ್ತದೆ, ಹಿಂದಿನ ವರ್ಷ ಪಾಸಾದವರು ಎಲ್ಲಿ, ಯಾವ ಹುದ್ದೆಯ ಹೆಸರಿನಲ್ಲಿ ದುಡಿಯುತ್ತಿದ್ದಾರೆ ಎಂದು ಕೇಳಿರಿ. ಉತ್ತರ ಕಾಗದದ ಮೇಲೆ ಕೊಡಿರಿ ಎನ್ನಿರಿ.

ರಾತ್ರಿ ಎರಡು ಗಂಟೆಗೆ ಐಸಿಯುದಲ್ಲಿ ನಮ್ಮ ಅಜ್ಜನ ಉಸಿರು ನೋಡುತ್ತ ನಿಂತವರ ಹೆಸರು ಯಾವುದಾದರೊಂದು ಸರ್ಕಾರಿ ಪುಸ್ತಕದಲ್ಲಿ ಇರಬೇಕು. ಅವರ ಪಗಾರಕ್ಕೆ ಎಷ್ಟು ಬೇಕೋ, ನಮ್ಮ ಅಜ್ಜನ ಜೀವಕ್ಕೂ ಅದು ಅಷ್ಟೇ ಬೇಕು.