ಕಡಲು ಕಾಣುವ ಜಾಗಕ್ಕೆ ಬಂದಿರುವ ಗಿರಾಕಿ

'ಬೀಚ್‌ಗೆ ಐದೇ ನಿಮಿಷ. ವಿಲ್ಲಾ ಪ್ಲಾಟ್. ವರ್ಷಕ್ಕೆ ಶೇ 8 ಆದಾಯ ಗ್ಯಾರಂಟಿ. ಮುಂದಿನ ಗೋವಾ ಇದೇ.' ಗೋಕರ್ಣ, ಕುಮಟಾ, ಹೊನ್ನಾವರದ ಕಡೆಯವರ ವಾಟ್ಸಾಪಿಗೆ ಈ ಧಾಟಿಯ ಜಾಹೀರಾತು ಬಾರದ ವಾರವಿಲ್ಲ. ಚಿತ್ರದಲ್ಲಿ ನೀಲಿ ಈಜುಕೊಳ, ಪಕ್ಕದಲ್ಲಿ ಬಾಗಿದ ತೆಂಗಿನ ಮರ. ಆ ಮರ ನೆಟ್ಟವರು ಯಾರು, ಕೊಳದ ನೀರು ಯಾರ ಬಾವಿಯದು ಎಂದು ಮಾತ್ರ ಅದರಲ್ಲಿ ಇರುವುದಿಲ್ಲ.

ನಮ್ಮ ಮಾತು ಇಷ್ಟೇ. ಈ ವ್ಯಾಪಾರದಲ್ಲಿ ಜಾಗ ಮಾರುವ ನಮ್ಮೂರಿನವರಿಗೂ ನಷ್ಟ, ಬೆಂಗಳೂರಿನಲ್ಲೋ ದುಬೈನಲ್ಲೋ ಕುಳಿತು ಕೊಳ್ಳುವವರಿಗೂ ನಷ್ಟ. ಲಾಭ ಇರುವುದು ನಡುವೆ ನಿಂತವನಿಗೆ. ಅವನು ಎರಡೂ ಕಡೆ ಕಮಿಷನ್ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಾನೆ.

ಗಿರಾಕಿ ಈಗಲೇ ಯಾಕೆ ಬಂದ? ಕೊಂಕಣ ರೈಲು ಬಂದು ಕಾಲು ಶತಮಾನ ದಾಟಿತು. ಹೆದ್ದಾರಿ 66 ಅಗಲವಾಗಿದೆ. 2020ರಲ್ಲಿ ಕಾಸರಕೋಡು ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಸಿಕ್ಕಿತು. ಅದೇ ವರ್ಷ ಇನ್ನೊಂದು ಕೆಲಸವೂ ಆಯಿತು. ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಸರ್ಕಾರ ತೆಗೆದುಹಾಕಿತು. ಅಲ್ಲಿಯವರೆಗೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಈಗ ದುಡ್ಡಿದ್ದವರು ನೇರವಾಗಿ ಬೇಣಕ್ಕೇ ಬರಬಹುದು.

ಈ ಜಿಲ್ಲೆಯಲ್ಲಿ ಗೇಣಿದಾರನ ಹೆಸರು ಪಹಣಿಗೆ ಸುಮ್ಮನೆ ಏರಲಿಲ್ಲ. ದಿನಕರ ದೇಸಾಯಿಯವರ ಕಾಲದ ರೈತ ಹೋರಾಟ, ಆಮೇಲೆ ದೇವರಾಜ ಅರಸರ 1974ರ ತಿದ್ದುಪಡಿ, ಭೂ ನ್ಯಾಯಮಂಡಳಿ ಎದುರು ಫಾರಂ 7 ಹಿಡಿದು ನಿಂತ ಅಜ್ಜಂದಿರು. ಹಾಗೆ ಬಂದ ಹತ್ತು ಗುಂಟೆಯನ್ನು ಮೊಮ್ಮಗ ಒಂದು ಟೋಕನ್ ಅಡ್ವಾನ್ಸಿಗೆ ಬರೆದುಕೊಡುತ್ತಿದ್ದಾನೆ.

ಮೊದಲು ಕೊಳ್ಳುವವರ ಲೆಕ್ಕ ನೋಡೋಣ. ನಮ್ಮ ಹುಡುಗರೂ ಗಲ್ಫ್ ದುಡ್ಡನ್ನು ಇದಕ್ಕೆ ಹಾಕುತ್ತಿದ್ದಾರೆ. ಜಾಗ, ಮನೆ ಸೇರಿ 50 ಲಕ್ಷ ಎಂದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ, ಕಡಲಿಗೆ ಇಳಿಯುವಂತಿಲ್ಲ. ಉಳಿದ ಎಂಟು ತಿಂಗಳಲ್ಲಿ ಶನಿವಾರ, ಭಾನುವಾರ ಎಲ್ಲವೂ ತುಂಬಿದರೆ 70 ರಾತ್ರಿ. ಕ್ರಿಸ್‌ಮಸ್, ದಸರಾ, ಶಿವರಾತ್ರಿ ಎಂದು ಇನ್ನೊಂದು 15. ರಾತ್ರಿಗೆ 5,000 ರೂಪಾಯಿಯಂತೆ 4.25 ಲಕ್ಷ. ಬುಕಿಂಗ್ ಆ್ಯಪ್‌ನವರಿಗೆ ಸುಮಾರು 75 ಸಾವಿರ. ನೋಡಿಕೊಳ್ಳುವವನಿಗೆ ತಿಂಗಳಿಗೆ 12,000ದಂತೆ 1.44 ಲಕ್ಷ. ಕರೆಂಟು, ಟ್ಯಾಂಕರ್ ನೀರು, ಉಪ್ಪುಗಾಳಿಗೆ ವರ್ಷವರ್ಷ ಏಳುವ ಬಣ್ಣ, ತುಕ್ಕು ಹಿಡಿಯುವ ಕಿಟಕಿ ಎಲ್ಲ ಸೇರಿ ಒಂದು ಲಕ್ಷ. ಕೈಗೆ ಉಳಿಯುವುದು ಒಂದು ಲಕ್ಷ ಚಿಲ್ಲರೆ, ಅಂದರೆ ಶೇ 2. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಮಲಗಿದರೂ ಇದರ ಮೂರು ಪಟ್ಟು ಬರುತ್ತದೆ. ಮೊತ್ತಗಳು ನಮ್ಮ ಅಂದಾಜು. ನಿಮ್ಮ ಊರಿನ ದರ ಹಾಕಿ ನೀವೇ ಕೂಡಿ ಕಳೆಯಿರಿ. ಶೇ 8 ಹೇಗೆ ಬರುತ್ತದೆ ಎಂದು ನಮಗಂತೂ ಹೊಳೆಯಲಿಲ್ಲ. ಹೊಸ ಗಿರಾಕಿಯ ದುಡ್ಡಿನಲ್ಲಿ ಹಳೆ ಗಿರಾಕಿಗೆ ಕೊಟ್ಟರೆ ಮಾತ್ರ ಬರುತ್ತದೆ.

'ಪಂಚಾಯಿತಿ ಪರ್ಮಿಷನ್ ಇದೆ, ಹೆದರಬೇಡಿ' ಎನ್ನುತ್ತಾರೆ ಬ್ರೋಕರ್‌ಗಳು. ಕೇರಳದ ಮರಡುವಿನಲ್ಲಿಯೂ ಪಂಚಾಯಿತಿ ಪರ್ಮಿಷನ್ ಇತ್ತು. ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ ನಿಯಮ ಮೀರಿದ್ದಕ್ಕೆ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಅಲ್ಲಿನ ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಉರುಳಿಸಿದರು. ಟಿವಿಯಲ್ಲಿ ನೀವೂ ನೋಡಿರಬಹುದು. ನಮ್ಮ ಹಳ್ಳಿಗಳಲ್ಲಿ ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ ಎಂಬುದೇ ಸಾಮಾನ್ಯ ನಿಯಮ. ಜನದಟ್ಟಣೆ ತುಂಬಾ ಇರುವ ಕಡೆ ಮಾತ್ರ 2019ರ ಅಧಿಸೂಚನೆ ಅದನ್ನು 50 ಮೀಟರಿಗೆ ಇಳಿಸಿದೆ. ಮೀನುಗಾರ ತನ್ನ ಹಳೆಮನೆಗೆ ಒಂದು ಗೋಡೆ ಎಬ್ಬಿಸಲು ವರ್ಷಗಟ್ಟಲೆ ಅಲೆಯುತ್ತಾನೆ. ಅದೇ ತೀರದಲ್ಲಿ ವಿಲ್ಲಾಗಳಿಗೆ ಕಂಬ ಏಳುತ್ತವೆ.

ಇನ್ನು ನೀರಿನ ವಿಷಯ. ನಮಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಕಡಲತೀರದ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಹಾಲಿನ ಮೇಲೆ ಕೆನೆ ಇದ್ದ ಹಾಗೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಅಡಿಯ ಉಪ್ಪುನೀರು ನಿಧಾನವಾಗಿ ಸುಮಾರು ನಲವತ್ತು ಅಡಿಯವರೆಗೆ ಮೇಲೇರಬಲ್ಲದು ಎನ್ನುತ್ತದೆ ಅಂತರ್ಜಲ ಶಾಸ್ತ್ರದ ಲೆಕ್ಕ. ಬಿಂದಿಗೆಯಲ್ಲಿ ಸೇದುವಾಗ ಈ ಸಮತೋಲ ಕೆಡುವುದಿಲ್ಲ. ಮಳೆಗಾಲ ಅದನ್ನು ತುಂಬಿಸುತ್ತದೆ. ಆದರೆ ಈಜುಕೊಳಕ್ಕೆ, ಹುಲ್ಲುಹಾಸಿಗೆ, ಪ್ರತಿ ಕೋಣೆಯ ಶವರಿಗೆ ಬೋರ್‌ವೆಲ್ ಪಂಪು ಏಪ್ರಿಲ್, ಮೇನಲ್ಲಿ ಓಡಿದರೆ ಉಪ್ಪು ಮೇಲೆ ಬರುತ್ತದೆ. ಪಕ್ಕದ ಮನೆಯ ಬಾವಿ ಸಪ್ಪೆಯಿಂದ ಚೌಳಾಗುತ್ತದೆ. ಒಮ್ಮೆ ಉಪ್ಪಾದ ಬಾವಿ ಒಂದೆರಡು ಮಳೆಗಾಲದಲ್ಲಿ ಸರಿಹೋಗುತ್ತದೆ ಎಂಬ ಭರವಸೆ ಇಲ್ಲ. ಅತಿಥಿಗೆ ಬಾಟಲಿ ನೀರು ಬರುತ್ತದೆ. ಜಾಗ ಮಾರದ ಪಕ್ಕದ ಮನೆಯವರು ಟ್ಯಾಂಕರಿಗೆ ಕಾಯುತ್ತಾರೆ.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅಲ್ಲಿನ ಗಜನಿಯಲ್ಲಿ ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತದೆ, ಹೆಂಗಸರು ಬಳಚು ಆರಿಸಿ ಸಂಸಾರ ನಡೆಸುತ್ತಾರೆ. ವಿಲ್ಲಾಗಳ ಶೌಚದ ಗುಂಡಿ ಸೋರಿದರೆ ಅದು ಸೇರುವುದು ಈ ಬಳಚಿನ ಕೆಸರಿಗೇ.

ದಾರಿಯ ಸಂಗತಿಯೂ ಹೀಗೇ. ರಂಪಣಿ ಬಲೆ ಎಳೆಯಲು, ಮೀನು ಒಣಗಿಸಲು, ದೋಣಿ ಮೇಲಕ್ಕೆ ತರಲು ತಲಾಂತರದಿಂದ ನಡೆದ ಕಾಲುದಾರಿಗಳು ಯಾವ ನಕ್ಷೆಯಲ್ಲೂ ಇಲ್ಲ. ಖರೀದಿ ಪತ್ರ ಆದ ಮರುದಿನ ಕಾಂಪೌಂಡು ಏಳುತ್ತದೆ, ಗೇಟಿಗೆ ವಾಚ್‌ಮನ್ ಬರುತ್ತಾನೆ. ಎಷ್ಟೋ ಸಲ ಆ ವಾಚ್‌ಮನ್ ಜಾಗ ಮಾರಿದವರ ಮಗನೇ.

'ಮಗಳ ಮದುವೆ, ಸೊಸೈಟಿ ಸಾಲ, ಆಸ್ಪತ್ರೆ. ನೀವು ಬರೆದು ಕೂರುತ್ತೀರಿ, ದುಡ್ಡು ಯಾರು ಕೊಡುತ್ತಾರೆ?' ಈ ಪ್ರಶ್ನೆ ಸರಿಯಾದದ್ದೇ. ಕಷ್ಟಕ್ಕೆ ಮಾರುವವರನ್ನು ನಾವು ಬೈಯುವುದಿಲ್ಲ. ಮಾರಲೇಬೇಕಾದರೆ ಮನೆಯ ಅಡಿ, ಬಾವಿ, ಕಡಲಿಗೆ ಇಳಿಯುವ ದಾರಿ ಈ ಮೂರನ್ನು ಬಿಟ್ಟು ಮಾರಿ. ದಾರಿಯ ಹಕ್ಕನ್ನು ಖರೀದಿ ಪತ್ರದಲ್ಲೇ ಬರೆಸಿ, ಬಾಯಿಮಾತು ಬೇಡ. ಜಿಪಿಎಗೆ ಸಹಿ ಹಾಕಬೇಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ಬ್ರೋಕರ್ ಇದನ್ನು ಹೇಳುವುದಿಲ್ಲ.

ಕಷ್ಟವಿಲ್ಲದೆ, ಬರೀ ರೇಟು ಬಂತೆಂದು ಮಾರುವವರಿಗೆ ಒಂದು ಮಾತು. ಅದೇ 2019ರ ಅಧಿಸೂಚನೆ ಸ್ಥಳೀಯರಿಗೆ, ಮೀನುಗಾರರಿಗೆ ಒಂದು ಬಾಗಿಲು ತೆರೆದಿದೆ. ಇರುವ ಮನೆಯ ಅಡಿಪಾಯ, ಮುಖ ಬದಲಿಸದೆ ಹೋಂಸ್ಟೇ ನಡೆಸಬಹುದು. ನಿಮಗೆ 50 ಲಕ್ಷದ ಬಂಡವಾಳ ಬೇಡ, ವಾಚ್‌ಮನ್ ಸಂಬಳವಿಲ್ಲ. ಎರಡು ಕೋಣೆ, ಸ್ವಚ್ಛ ಶೌಚಾಲಯ, ಮನೆಯದೇ ಮೀನುಸಾರು. ಮೇಲಿನ 85 ರಾತ್ರಿಯ ಲೆಕ್ಕದಲ್ಲಿ ವಿಲ್ಲಾದವನಿಗೆ ಉಳಿಯದ ದುಡ್ಡು ನಿಮಗೆ ಉಳಿಯುತ್ತದೆ. ಮಳೆಗಾಲದಲ್ಲಿ ಕೋಣೆ ಖಾಲಿ ಬಿದ್ದರೂ ಯಾವ ಬ್ಯಾಂಕಿನವರೂ ಬಾಗಿಲಿಗೆ ಬರುವುದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪಟ್ಟಿ ಕೇಳಿ: ಕಳೆದ ಐದು ವರ್ಷದಲ್ಲಿ ನಮ್ಮೂರಿನಲ್ಲಿ ಎಷ್ಟು ಗುಂಟೆ ಕೃಷಿಯೇತರ ಆಯಿತು, ರೆಸಾರ್ಟುಗಳಲ್ಲಿ ಎಷ್ಟು ಬೋರ್‌ವೆಲ್ ಇವೆ, ಕಡಲಿಗೆ ಇಳಿಯುವ ದಾರಿ ಎಷ್ಟು ಇದ್ದವು, ಈಗ ಎಷ್ಟು ಉಳಿದಿವೆ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಆ ಪುಟದ ಫೋಟೊ ತೆಗೆದು ನಮಗೆ ಕಳಿಸಿ. ಊರಿನ ಹೆಸರು ಹಾಕಿ ಇಲ್ಲೇ ಪ್ರಕಟಿಸುತ್ತೇವೆ.