ಮುಖ್ಯೋಪಾಧ್ಯಾಯರ ದಿನಚರಿ

ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ದಾಖಲೆಗಳಿಗೆ ಕೊರತೆಯಿಲ್ಲ. ಹಾಜರಿ ಪುಸ್ತಕ, ದಾಖಲಾತಿ ವಹಿ, ಬಿಸಿಯೂಟದ ಲೆಕ್ಕ, ವರ್ಗಾವಣೆ ಪತ್ರ ಇವುಗಳ ಜೊತೆಗೆ ಈಗ ಎಸ್.ಎ.ಟಿ.ಎಸ್., ಯುಡೈಸ್ ಪ್ಲಸ್ ಎಂಬ ಅಂತರ್ಜಾಲದ ದಾಖಲೆಗಳೂ ಸೇರಿವೆ. ಶಾಲೆಯಲ್ಲಿ ಏನು ನಡೆಯಿತೆಂಬುದನ್ನು ಇವೆಲ್ಲವೂ ಹೇಳುತ್ತವೆ. ಅದು ಏಕೆ ಹಾಗೆ ನಡೆಯಿತು, ಬೇರೆ ರೀತಿಯಲ್ಲಿ ನಡೆಸಬಹುದಾಗಿತ್ತೇ ಎಂದು ಕೇಳುವ ಪುಸ್ತಕ ಮಾತ್ರ ಅಲ್ಲಿಲ್ಲ.

ಈ ಕೊರತೆ ಹೊಸದಲ್ಲ. ಇಂಗ್ಲೆಂಡಿನ 1862ರ ಪರಿಷ್ಕೃತ ಶಿಕ್ಷಣ ಸಂಹಿತೆಯು ಅನುದಾನಿತ ಶಾಲೆಗಳ ಮುಖ್ಯ ಶಿಕ್ಷಕರು ‘ಲಾಗ್ ಬುಕ್’ ಇಡಬೇಕೆಂದು ವಿಧಿಸಿತು. ಕಾಯಿಲೆ, ಎಚ್ಚರಿಕೆ, ಶಿಕ್ಷಕರು ಕೆಲಸಕ್ಕೆ ಸೇರಿದ ದಿನ ಮೊದಲಾದುವನ್ನು ಅದರಲ್ಲಿ ನಮೂದಿಸಬೇಕಾಗಿತ್ತು. ಸಾಮಾನ್ಯ ಸ್ವರೂಪದ ಚಿಂತನೆಯನ್ನಾಗಲಿ ಅಭಿಪ್ರಾಯವನ್ನಾಗಲಿ ಬರೆಯಕೂಡದಾಗಿತ್ತು. ಪರಿವೀಕ್ಷಕರು ನೋಡುವ ಪುಸ್ತಕಕ್ಕೆ ಆ ನಿರ್ಬಂಧ ಸಹಜವೇ. ಆದುದರಿಂದಲೇ ಚಿಂತನೆಗೆ ಬೇರೊಂದು ಪುಸ್ತಕ ಬೇಕಾಗುತ್ತದೆ.

ಅಂತಹ ಬರವಣಿಗೆಯ ಮನೋಧರ್ಮವನ್ನು ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಅವರ ‘ದಿವಾಸ್ವಪ್ನ’ ತೋರಿಸಿಕೊಡುತ್ತದೆ. ಅದರ ನಾಯಕನಾದ ಶಿಕ್ಷಕ ಮೊದಲ ದಿನ ಮಕ್ಕಳಿಗೆ ಮೌನದ ಆಟ ಆಡಿಸಹೋಗಿ ಸೋಲುತ್ತಾನೆ, ತರಗತಿಯೆಲ್ಲ ಗದ್ದಲವಾಗುತ್ತದೆ. ಆತ ಮಕ್ಕಳನ್ನು ದೂರುವುದಿಲ್ಲ. ತನ್ನ ಎಣಿಕೆ ತಪ್ಪಿತೆಂದು ಒಪ್ಪಿ, ಮರುದಿನ ಕಥೆ ಹೇಳತೊಡಗುತ್ತಾನೆ.

ಬಿಡುವೆಲ್ಲಿದೆ ಎಂಬುದು ಮುಖ್ಯೋಪಾಧ್ಯಾಯರ ನ್ಯಾಯವಾದ ಪ್ರಶ್ನೆ. ಆದರೆ ಇದಕ್ಕೆ ಪುಟಗಟ್ಟಲೆ ಬರೆಯಬೇಕಾಗಿಲ್ಲ. ಇಂದು ಕೈಗೊಂಡ ಒಂದು ನಿರ್ಣಯ, ಅದರಿಂದ ಯಾರಿಗೆ ಏನಾಯಿತು, ನಾಳೆ ಬದಲಿಸಬೇಕಾದುದೇನು ಎಂಬ ಮೂರು ಮಾತು ಸಾಕು. ತಡವಾಗಿ ಬಂದ ಹುಡುಗನನ್ನು ಹೊರಗೆ ನಿಲ್ಲಿಸಿದರೆ ಹಾಜರಿ ಪುಸ್ತಕದಲ್ಲಿ ಒಂದು ಗುರುತು ಬೀಳುತ್ತದೆ, ಅಷ್ಟೆ. ಅದೇ ಘಟನೆಯನ್ನು ನಾಲ್ಕು ವಾರ ಬರೆದು ತಿರುಗಿ ಓದಿದವರಿಗೆ, ಆತ ತಡವಾಗುವುದು ಸಂತೆಯ ದಿನ ಮಾತ್ರವೆಂದು ತಿಳಿಯಬಹುದು. ಆಗ ಶಿಕ್ಷೆಯ ಜಾಗದಲ್ಲಿ ವಿಚಾರಣೆ ಬರುತ್ತದೆ.

ಇಂದು ಈ ಬರವಣಿಗೆ ಕೈಯಲ್ಲಿರುವ ಮೊಬೈಲಿನಲ್ಲಿಯೂ ಸಾಧ್ಯ. ಹಿಂದಿನದನ್ನು ಹುಡುಕುವುದು ಅಲ್ಲಿ ಸುಲಭ. ಆದರೆ ಹತ್ತು ಜನ ಓದಿ ಮೆಚ್ಚಲೆಂದು ಬರೆದ ದಿನಚರಿಯಲ್ಲಿ ಸೋಲುಗಳು ಮೆಲ್ಲನೆ ಕಾಣೆಯಾಗುತ್ತವೆ. ಮಕ್ಕಳ ಹೆಸರು, ಮನೆಯ ಸಂಗತಿ ಪರರ ಕಣ್ಣಿಗೆ ಬಿದ್ದರಂತೂ ಅದು ವಿಶ್ವಾಸದ್ರೋಹ. ಅಂತರ್ಜಾಲದಲ್ಲಿಟ್ಟರೂ ಅದಕ್ಕೆ ಬೀಗವಿರಬೇಕು. ಹೆಸರುಗಳು ಅಲ್ಲಿ ಇರಕೂಡದು.

ಆಡಳಿತ ಮಂಡಳಿಗಳಿಗೂ ಇಲ್ಲಿ ಒಂದು ಹೊಣೆಯಿದೆ. ದಿನಚರಿಯನ್ನು ಕಡ್ಡಾಯಗೊಳಿಸಿ ತರಿಸಿ ನೋಡಿದರೆ ಅದು ಮತ್ತೊಂದು ಲಾಗ್ ಬುಕ್ ಆದೀತು. ಅದರ ಬದಲು ವಾರಕ್ಕೊಂದು ಗಂಟೆಯಾದರೂ ಮುಖ್ಯೋಪಾಧ್ಯಾಯರನ್ನು ಸಭೆ, ವರದಿಗಳಿಂದ ಬಿಡುಗಡೆಗೊಳಿಸಲಿ. ಶಾಲೆಗೆ ಕಟ್ಟಡ, ಗ್ರಂಥಾಲಯಗಳನ್ನು ಕೊಟ್ಟ ದಾನಿಗಳ ಔದಾರ್ಯ ಕಣ್ಣಿಗೆ ಕಾಣುತ್ತದೆ. ಆ ಒಂದು ಗಂಟೆಯ ಕೊಡುಗೆ ಯಾವ ಶಿಲಾಫಲಕದಲ್ಲಿಯೂ ಕಾಣಿಸದು. ಆದರೂ ಹೊರಗೆ ನಿಂತ ಹುಡುಗನಿಗೆ ಬೇಕಾಗಿರುವುದು ಅದೇ.