ತೊಟ್ಟಿಮನೆ ಉಳಿಯಬೇಕಂದ್ರೆ ಬೀಗ ತೆಗೆಯೋರು ಬೇಕು

ಹಾಸನ: ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪ 2025ರ ಸೆಪ್ಟೆಂಬರ್ 24ರಂದು ನಿಧನರಾದ ಮೇಲೆ ಸರ್ಕಾರ ಸ್ಮಾರಕ ಘೋಷಿಸಿದ್ದು ಮೈಸೂರಿಗೆ. ಅವರು ಬಹುಕಾಲ ನೆಲೆಸಿದ್ದು ಅಲ್ಲೇ, ತಪ್ಪೇನಿಲ್ಲ. ಆದರೆ ಹುಟ್ಟೂರಿಗೆ, ಇಲ್ಲಿನ ಹಳೇ ಮನೆಗಳಿಗೆ ಏನು ಗತಿ?

ಹೊಳೆನರಸೀಪುರ, ಅರಕಲಗೂಡು ಕಡೆಯ ತೊಟ್ಟಿಮನೆಗಳಿಗೆ ಮಳೆಗಿಂತ ದೊಡ್ಡ ಶತ್ರು ಪಾಲಿನ ಗೊಂದಲ. ಅಣ್ಣತಮ್ಮ, ಅಕ್ಕತಂಗಿ ಎಲ್ಲರಿಗೂ ಪಾಲಿದೆ, ಇರಲೇಬೇಕು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋ ಖರ್ಚಿಗೆ ಮಾತ್ರ ಯಾರೂ ಮುಂದೆ ಬರಲ್ಲ. ಬೀಗ ಬಿದ್ದ ಮನೆಗೆ ಮೊದಲು ಗೆದ್ದಲು, ಆಮೇಲೆ ಜೆಸಿಬಿ.

ಮೈಸೂರಿನ ಯಾದವಗಿರಿಯಲ್ಲಿ ಆಗಿದ್ದೂ ಹೆಚ್ಚುಕಮ್ಮಿ ಇದೇ. ಆರ್.ಕೆ. ನಾರಾಯಣ್ ಮನೆಯನ್ನ 2011ರಲ್ಲಿ ಕೆಡವೋಕೆ ಶುರು ಮಾಡಿದಾಗಲೇ ಊರು ಎಚ್ಚೆತ್ತಿದ್ದು. ಪಾಲಿಕೆ ವಶಕ್ಕೆ ಪಡೆದು, ದುರಸ್ತಿ ಮಾಡಿಸಿ, ಮ್ಯೂಸಿಯಂ ತೆರೆಯೋ ಹೊತ್ತಿಗೆ 2016. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಮನೆ ಚೆನ್ನಾಗಿ ನಡೀತಿದೆ, ಯಾಕಂದ್ರೆ ನೋಡಿಕೊಳ್ಳೋಕೆ ಪ್ರತಿಷ್ಠಾನ ಇದೆ. ಅಷ್ಟಿದ್ದೂ 2015ರಲ್ಲಿ ಅಲ್ಲಿಂದ ಪದಕಗಳು ಕಳವಾದವು.

ಅಂಥ ಪ್ರತಿಷ್ಠಾನ ಎಲ್ಲ ಊರಿಗೂ ಸಿಗಲ್ಲ. ಒಡೆತನ ಮನೆಯವರಲ್ಲೇ ಇಟ್ಟು, ಹಜಾರ, ತೊಟ್ಟಿಯನ್ನ ಗ್ರಂಥಾಲಯಕ್ಕೋ ಅಂಗನವಾಡಿಗೋ ಗುತ್ತಿಗೆ ಕೊಡೋದು ಹಳ್ಳಿಗೆ ಎಟುಕೋ ದಾರಿ. ದಿನಾ ಬಾಗಿಲು ತೆಗೆದರೆ ಸೋರಿಕೆ ಕಣ್ಣಿಗೆ ಬೀಳುತ್ತೆ. ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಪಾಲುದಾರರೆಲ್ಲರ ಸಹಿ ಬೇಕು. ಹೆಂಚಿನ ಖರ್ಚು ಯಾರದು ಅನ್ನೋದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಬೇಕು.